ಫೋನ್ ಇಟ್ಟರೆ ಅಜ್ಜಿ ಮಾತೇ ಆಡುವುದಿಲ್ಲ

ಪ್ರಶ್ನೆ: ನಮ್ಮದು ಅರೆಭಾಷೆ ಮಾತಾಡುವ ಗೌಡ ಕುಟುಂಬ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮೊಣ್ಣಂಗೇರಿ ಕಡೆಯ ನಮ್ಮ ಹಳೇ ಮನೆ ಹೋಯಿತು. ಅಂದಿನಿಂದ ಅಜ್ಜಿ ಮಡಿಕೇರಿಯಲ್ಲಿ ನಮ್ಮ ಜೊತೆಗಿದ್ದಾರೆ. ವಯಸ್ಸು 84. ಫೋಟೊ, ಕಾಗದಪತ್ರ ಏನೂ ಉಳಿದಿಲ್ಲ. ಅವರ ನೆನಪನ್ನಾದರೂ ಉಳಿಸಿಕೊಳ್ಳೋಣವೆಂದು ಫೋನ್ ಇಟ್ಟುಕೊಂಡು ಕೂತರೆ, ‘ನಂಗೇನು ಗೊತ್ತು, ಓದಿದವರನ್ನು ಕೇಳು’ ಎನ್ನುತ್ತಾರೆ. ಆ ಮಳೆಯ ಸುದ್ದಿ ಎತ್ತಿದಾಗ ಅತ್ತುಬಿಟ್ಟರು. ಜಾಗದ ಪಾಲಿನ ವಿಚಾರ ಹೊರಗೆ ಬಂದೀತೆಂದು ದೊಡ್ಡಪ್ಪ ಗದರಿದ್ದಾರೆ. ನಾನು ಮಾಡುತ್ತಿರುವುದು ತಪ್ಪೇ?

ಉತ್ತರ: ತಪ್ಪಲ್ಲ, ಖಂಡಿತ ಮುಂದುವರಿಸಿ. ಕೇಳುವ ಬಗೆ ಮಾತ್ರ ಬದಲಾಗಲಿ.

‘ನಿಮ್ಮ ಕಾಲದ ಬಗ್ಗೆ ಹೇಳಿ’ ಎಂದರೆ ಯಾರಿಗಾದರೂ ಬಾಯಿ ಕಟ್ಟುತ್ತದೆ. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದಾಗ ಏನನ್ನಿಸಿತು ಎಂದು ಕೇಳಿದರೂ ಅಷ್ಟೇ, ಅಜ್ಜಿ ನಿಮ್ಮನ್ನು ಓದಿದವರ ಹತ್ತಿರವೇ ಕಳಿಸುತ್ತಾರೆ. ಆಗ ಅವರಿಗೆ ಹದಿನೈದರ ಆಸುಪಾಸು. ಆ ವಯಸ್ಸಿನಲ್ಲಿ ಯಾರ ಗದ್ದೆಗೆ ನಾಟಿಗೆ ಹೋಗುತ್ತಿದ್ದರು, ಕೊಯ್ದ ಏಲಕ್ಕಿ ಎಲ್ಲಿ ಒಣಗುತ್ತಿತ್ತು, ಸಂತೆಗೆ ಯಾವ ದಾರಿ, ಹೊಳೆ ತುಂಬಿದ ದಿನ ಏನು ಮಾಡುತ್ತಿದ್ದರು, ಇಂಥವನ್ನು ಕೇಳಿ. ಮಾಡಿದ ಕೆಲಸದ ನೆನಪು ಬೇಗ ಬಾಯಿಗೆ ಬರುತ್ತದೆ. ಕೂಲಿ, ಹಸಿವು, ಹೆರಿಗೆ, ಮೇಲು ಕೀಳು ಎಲ್ಲವೂ ಅದರ ಬೆನ್ನಿಗೇ ಬರುತ್ತವೆ.

ಕೇಳುವುದು ಅರೆಭಾಷೆಯಲ್ಲೇ ಇರಲಿ. ರೆಕಾರ್ಡಿಂಗ್ ಎಂದಾಕ್ಷಣ ನಾವು ಪುಸ್ತಕದ ಕನ್ನಡಕ್ಕೆ ಹೊರಳುತ್ತೇವೆ, ಹಿರಿಯರು ಹಿಂಜರಿಯುತ್ತಾರೆ. ಕೊಡವರ ಜನಪದ ಹಾಡುಗಳನ್ನು ಕೂಡಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಬಂತು. ಅದರಲ್ಲಿ ಲಿಪಿ ಕನ್ನಡದ್ದು, ಹಾಡುಗಳು ಕೊಡವ ತಕ್ಕ್‌ನಲ್ಲೇ ಇವೆ. ಹಾಡುವವರ ಮಾತನ್ನು ತಿದ್ದಿ ಕನ್ನಡ ಮಾಡಿದ್ದರೆ ನೂರು ವರ್ಷದ ಮೇಲೂ ಅದಕ್ಕೆ ಈ ಬೆಲೆ ಇರುತ್ತಿರಲಿಲ್ಲ. ನೀವೂ ಬರೆದಿಡುವಾಗ ಅಜ್ಜಿಯ ಮಾತನ್ನು ತಿದ್ದಬೇಡಿ.

ನನಗೆ ಮುಖ್ಯವೆನಿಸುವುದು ಆ ಮನೆ. ಒಂದು ದೊಡ್ಡ ಹಾಳೆ, ಪೆನ್ಸಿಲ್ ಹಿಡಿದು ಅಜ್ಜಿಯ ಪಕ್ಕ ಕೂರಿ. ಒಲೆ ಎಲ್ಲಿತ್ತು, ಭತ್ತದ ಪತ್ತಾಯ ಯಾವ ಗೋಡೆಗೆ, ಬಾಣಂತಿ ಮಲಗುತ್ತಿದ್ದುದು ಯಾವ ಕೋಣೆಯಲ್ಲಿ, ಅಂಗಳದಿಂದ ತೋಟಕ್ಕೆ ಎಲ್ಲಿ ಇಳಿಯಬೇಕು? ಅವರು ಹೇಳಿದಂತೆ ಗೆರೆ ಎಳೆಯುತ್ತಾ ಹೋಗಿ. ನೀವು ಬಾಗಿಲು ತಪ್ಪಾಗಿ ಬರೆದರೆ ಅವರೇ ತಿದ್ದುತ್ತಾರೆ, ತಿದ್ದುವ ಭರದಲ್ಲಿ ಎದುರಿನ ಫೋನ್ ಮರೆತೇ ಹೋಗುತ್ತದೆ. ಫೋನನ್ನು ಬಚ್ಚಿಟ್ಟು ರೆಕಾರ್ಡ್ ಮಾಡುವುದು ಮಾತ್ರ ಬೇಡವೇ ಬೇಡ. ಪ್ರತಿ ಸಲ ಕೇಳಿ, ಅವರು ಹೂಂ ಅಂದ ಮೇಲೇ ಶುರುಮಾಡಿ. ಅದೇ ಊರಿಂದ ಬಂದ ಓರಗೆಯವರಿದ್ದರೆ ಒಂದು ದಿನ ಕಾಫಿಗೆ ಕರೆಯಿರಿ. ಇಬ್ಬರೂ ಜಗಳವಾಡಿಕೊಂಡು ನೆನಪಿಸಿಕೊಳ್ಳುತ್ತಾರೆ, ನೀವು ಸುಮ್ಮನಿದ್ದರೆ ಸಾಕು.

ನಮ್ಮಲ್ಲಿ ಮಳೆಗಾಲದಲ್ಲೇ ಹಿರಿಯರಿಗೆ ಬಿಡುವು, ಆದರೆ ಶೀಟಿನ ಮೇಲೆ ಸುರಿಯುವ ಸದ್ದಿಗೆ ರೆಕಾರ್ಡಿಂಗ್‌ನಲ್ಲಿ ಒಂದು ಮಾತೂ ಉಳಿಯುವುದಿಲ್ಲ. ಒಳಕೋಣೆಯಲ್ಲಿ ಕೂರಿ. ಸ್ಟೂಲಿನ ಮೇಲೆ ಮಡಚಿದ ಟವೆಲ್ ಹಾಸಿ ಫೋನ್ ಇಡಿ. ದಿನಾಂಕ, ಜಾಗ, ಯಾರು ಮಾತಾಡುತ್ತಿದ್ದಾರೆ ಎಂಬುದನ್ನು ಮೊದಲೇ ಹೇಳಿಬಿಡಿ, ಅವತ್ತೇ ಇನ್ನೊಂದು ಪ್ರತಿ ಮಾಡಿಡಿ.

ಅತ್ತರೆಂದು ನೀವು ನೊಂದುಕೊಳ್ಳಬೇಡಿ. ಆ ಆಗಸ್ಟ್‌ನ ಮಾತನ್ನು ನೀವಾಗಿ ಎತ್ತಬೇಡಿ. ಅವರೇ ಎತ್ತಿದರೆ ಮಾತು ಬದಲಿಸಬೇಡಿ, ಕೈ ಹಿಡಿದು ಕೇಳಿ. ‘ನಿಲ್ಲಿಸಲಾ ಅಜ್ಜಿ?’ ಎಂದು ವಿಚಾರಿಸಿ. ಅಂಥ ಮಾತಾದ ಮೇಲೆ ಅವರನ್ನು ಒಬ್ಬರನ್ನೇ ಬಿಟ್ಟು ಎದ್ದುಹೋಗಬೇಡಿ. ಆಮೇಲೆ ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಮಳೆ ಜೋರಾದಾಗೆಲ್ಲ ನಡುಗಿದರೆ ರೆಕಾರ್ಡಿಂಗ್ ಬದಿಗಿಟ್ಟು ಮನೋವೈದ್ಯರಿಗೆ ತೋರಿಸಿ. ವಯಸ್ಸಾಯಿತೆಂದು ತಳ್ಳಿಹಾಕುವ ವಿಷಯವಲ್ಲ ಅದು.

ದೊಡ್ಡಪ್ಪನ ಭಯಕ್ಕೂ ಕಾರಣವಿದೆ. ಜಾಗದ ತಕರಾರಿನಿಂದ ಒಡೆದ ಮನೆಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ಪಾಲಿನ ಮಾತು ಬಂದರೆ ರೆಕಾರ್ಡಿಂಗ್ ನಿಲ್ಲಿಸುತ್ತೇನೆಂದು ಅವರಿಗೆ ಮೊದಲೇ ಹೇಳಿ, ಹಾಗೇ ನಡೆದುಕೊಳ್ಳಿ. ಅಜ್ಜಿ ಒಪ್ಪದೆ ಒಂದು ತುಣುಕೂ ವಾಟ್ಸ್ಆ್ಯಪ್‌ಗೆ ಹೋಗಬಾರದು. ದೊಡ್ಡಪ್ಪನೂ ಅದೇ ಮನೆಯಲ್ಲಿ ಆಡಿ ಬೆಳೆದವರಲ್ಲವೇ? ನಕ್ಷೆ ಬರೆಯುವ ದಿನ ಅವರನ್ನೂ ಕೂರಿಸಿಕೊಳ್ಳಿ. ಕೊಟ್ಟಿಗೆಯಲ್ಲಿ ಯಾವ ಹಸುವನ್ನು ಎಲ್ಲಿ ಕಟ್ಟುತ್ತಿದ್ದರೆಂದು ಅಜ್ಜಿಗಿಂತ ಅವರಿಗೇ ಚೆನ್ನಾಗಿ ನೆನಪಿದ್ದೀತು.