ಗುತ್ತಿಗೆ ಮುಗಿದ ಮರುದಿನ: ಇಎಸ್‌ಐ ನಿರುದ್ಯೋಗ ಭತ್ಯೆ ಕೈಸೇರಲು ಕೆಲವು ಸೂತ್ರಗಳು

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಹನ್ನೊಂದು ತಿಂಗಳ ಗುತ್ತಿಗೆ ಮುಗಿಯುತ್ತದೆ. ಮುಂದಿನದು ಯಾವಾಗ ಅಂತ ಕೇಳಿದರೆ ಏಜೆನ್ಸಿಯವರು ‘ಫೋನ್ ಮಾಡ್ತೀವಿ’ ಅಂತಾರೆ. ಆ ಫೋನ್ ಬರುವವರೆಗಿನ ದಿನಗಳಿಗೆಂದೇ ಇಎಸ್‌ಐನಲ್ಲಿ ಒಂದು ಭತ್ಯೆ ಇದೆ. ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ, ಶುರುವಾದದ್ದು 2018ರ ಜುಲೈ 1ರಂದು. ಕೆಲಸ ಹೋದ ಮೇಲೆ ಇದನ್ನು ಹುಡುಕಿಕೊಂಡು ಹೋಗುವವರೇ ಹೆಚ್ಚು. ಆದರೆ ಸಿಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಕೆಲಸ ಇರುವಾಗಲೇ ತೀರ್ಮಾನವಾಗಿರುತ್ತದೆ.

1. ಮೊದಲು ಸಂಬಳ ಚೀಟಿ ತೆಗೆದು ನೋಡಿ

ಅದರಲ್ಲಿ ಇಎಸ್‌ಐ ಎಂದು ಶೇ 0.75 ಕಡಿತವಾಗಿದ್ದರೆ ಮಾತ್ರ ಮುಂದಿನದನ್ನು ಓದಿ. ಮಾಲೀಕರ ಕಡೆಯಿಂದ ಇನ್ನೊಂದು ಶೇ 3.25 ಸೇರುತ್ತದೆ. ತಿಂಗಳ ಸಂಬಳ 21,000 ರೂಪಾಯಿ ಮೀರದವರಿಗೆ ಇದು ಅನ್ವಯ. ಆರು ತಿಂಗಳ ವಂತಿಗೆ ಅವಧಿಯ ನಡುವೆ ಸಂಬಳ ಹೆಚ್ಚಾಗಿ ಮಿತಿ ದಾಟಿದರೆ, ಆ ಅವಧಿ ಮುಗಿಯುವವರೆಗೆ ನೀವು ಒಳಗೇ ಇರುತ್ತೀರಿ. ಬಿಲ್ ಬರೆದು, ಟಿಡಿಎಸ್ ಕಡಿತ ಮಾಡಿಸಿಕೊಂಡು ದುಡಿಯುವ ಕನ್ಸಲ್ಟೆಂಟ್‌ಗಳಿಗೆ ಇದರಲ್ಲಿ ಏನೂ ಇಲ್ಲ. ರಾಜ್ಯದ ಯುವನಿಧಿಯನ್ನೂ ಇದರ ಜೊತೆ ಕಲಸಿಕೊಳ್ಳಬೇಡಿ. ಅದು ಓದು ಮುಗಿಸಿ ಕೆಲಸ ಸಿಗದ ಪದವಿ, ಡಿಪ್ಲೊಮಾದವರಿಗೆ.

2. ಏಜೆನ್ಸಿ ಬದಲಾದರೂ ನಂಬರ್ ಬದಲಾಗಬಾರದು

ಭತ್ಯೆಗೆ ಕನಿಷ್ಠ 12 ತಿಂಗಳ ವಿಮಾ ವ್ಯಾಪ್ತಿಯ ನೌಕರಿ ಆಗಿರಬೇಕು. ಹನ್ನೊಂದು ತಿಂಗಳ ಗುತ್ತಿಗೆಯವರು ಇಲ್ಲೇ ಎಡವುವುದು. ಹಳೆಯ ಏಜೆನ್ಸಿಯ ತಿಂಗಳುಗಳೂ ಲೆಕ್ಕಕ್ಕೆ ಬರಬೇಕಾದರೆ ಅವು ಒಂದೇ 10 ಅಂಕಿಯ ವಿಮಾ ಸಂಖ್ಯೆಯಡಿ ಇರಬೇಕು. ಹೊಸ ಏಜೆನ್ಸಿಯ ಹುಡುಗ ಅವಸರದಲ್ಲಿ ಹೊಸ ನಂಬರ್ ಮಾಡಿಸಿಬಿಟ್ಟರೆ ನಿಮ್ಮ ಹಳೆಯ ದುಡಿಮೆ ಬೇರೊಬ್ಬರದ್ದು ಎಂಬಂತೆ ಪಕ್ಕದಲ್ಲಿ ಬಿದ್ದಿರುತ್ತದೆ. ಸೇರುವ ದಿನವೇ ಹಳೆಯ ಇಎಸ್‌ಐ ಚೀಟಿಯ ಜೆರಾಕ್ಸ್ ಕೈಗಿಟ್ಟು, ‘ಇದೇ ನಂಬರ್ ಹಾಕಿ ಸಾರ್’ ಅನ್ನಿ.

3. 78 ಎಂಬ ಅಂಕಿ ನೆನಪಿರಲಿ

ಇಎಸ್‌ಐ ವರ್ಷ ಎರಡು ಭಾಗ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ 78 ದಿನದ ವಂತಿಗೆ ಬೇಕು, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಇನ್ನೊಂದು 78. ನೀವು 26 ದಿನ ದುಡಿದ ತಿಂಗಳಿಗೆ ಏಜೆನ್ಸಿ 15 ದಿನ ತೋರಿಸಿದ್ದರೆ ಆ ಲೆಕ್ಕವೇ ನಿಲ್ಲುತ್ತದೆ. ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ವಂತಿಗೆಯ ಪಟ್ಟಿ ಕಾಣುತ್ತದೆ. ತಿಂಗಳಿಗೊಮ್ಮೆ ಕರೆಂಟ್ ಬಿಲ್ ನೋಡುವ ಹಾಗೆ ನೋಡಿ.

4. ಕೊನೆಯ ದಿನದ ಸಹಿ

ಆ ದಿನ ಹೇಗಿರುತ್ತದೆ ಅಂತ ನನಗೆ ಗೊತ್ತು, ನಾನೂ ಆ ಸಾಲಿನಲ್ಲಿ ನಿಂತವನು. ಶಿಫ್ಟ್ ಮುಗಿದ ಮೇಲೆ ಗೇಟಿನ ಪಕ್ಕದ ಸೆಕ್ಯುರಿಟಿ ಕೋಣೆಗೆ ಒಬ್ಬೊಬ್ಬರನ್ನೇ ಕರೆದರು. ಮೇಜಿನ ಮೇಲೆ ಇಂಕ್ ಪ್ಯಾಡು, ಟೈಪ್ ಮಾಡಿದ ಹಾಳೆಗಳ ಕಟ್ಟು. ‘ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ’ ಎಂದಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ‘ಫಾರ್ಮಾಲಿಟಿ ಅಷ್ಟೇ, ಸಹಿ ಹಾಕಿದ್ರೆ ನಾಳೆ ಸೆಟಲ್‌ಮೆಂಟು’ ಅಂದರು ಸೂಪರ್‌ವೈಸರ್. ಹಾಕಿದೆ. ಸೆಟಲ್‌ಮೆಂಟು ಬಂದದ್ದು ನಲವತ್ತು ದಿನಕ್ಕೆ. ಭತ್ಯೆ ಬರಲೇ ಇಲ್ಲ.

ಯಾಕೆಂದರೆ ತಾನಾಗಿ ಕೆಲಸ ಬಿಟ್ಟವರಿಗೆ, ದುರ್ನಡತೆಗಾಗಿ ವಜಾ ಆದವರಿಗೆ, ನಿವೃತ್ತರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಈ ಭತ್ಯೆ ಇಲ್ಲ. ಗುತ್ತಿಗೆ ಮುಗಿದದ್ದು ನೀವು ಬಿಟ್ಟದ್ದಲ್ಲ. ಹಾಳೆಯಲ್ಲಿ ‘ಗುತ್ತಿಗೆ ಅವಧಿ ಮುಗಿದಿದೆ’ ಅಥವಾ ‘ಕೆಲಸವಿಲ್ಲದ ಕಾರಣ ಬಿಡುಗಡೆ’ ಎಂದು ಬರೆಸಿ. ಒಪ್ಪದಿದ್ದರೆ ಸಹಿಯ ಕೆಳಗೆ ನಿಮ್ಮ ಕೈಬರಹದಲ್ಲೇ ಅದನ್ನು ಬರೆದು, ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಳ್ಳಿ.

ಕಾಗದ ಸರಿಯಿದ್ದರೆ ಸಾಲದು, ಕಂಪ್ಯೂಟರ್‌ನಲ್ಲೂ ಸರಿಯಿರಬೇಕು. ಮಾಸಿಕ ವಂತಿಗೆ ತುಂಬುವಾಗ ಆ ತಿಂಗಳು ಒಂದು ದಿನವೂ ದುಡಿಯದವರ ಹೆಸರಿನ ಮುಂದೆ ಏಜೆನ್ಸಿ ಕಾರಣದ ಸಂಖ್ಯೆ ಹಾಕುತ್ತದೆ. 2 ಅಂದರೆ ‘ಕೆಲಸ ಬಿಟ್ಟಿದ್ದಾರೆ’, 10 ಅಂದರೆ ರಿಟ್ರೆಂಚ್‌ಮೆಂಟ್, 11 ಅಂದರೆ ‘ಕೆಲಸ ಇಲ್ಲ’. ಕಣ್ಣುಮುಚ್ಚಿ 2 ಒತ್ತುವುದು ಅಭ್ಯಾಸ. ಯಾವ ಸಂಖ್ಯೆ ಹಾಕುತ್ತೀರಿ ಅಂತ ಕೇಳಿ. ಕೇಳುವವನು ಒಬ್ಬ ಇದ್ದಾನೆ ಅಂತ ತಿಳಿದರೆ ಕೈ ಸ್ವಲ್ಪ ತಡೆಯುತ್ತದೆ.

ಸಂಬಳ ತಡೆಹಿಡಿದು ಸಹಿ ಕೇಳುವ ಆಟಕ್ಕೂ ಈಗ ಉತ್ತರವಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

5. ಎಷ್ಟು ಬರುತ್ತದೆ ಅಂತ ಮೊದಲೇ ಗುಣಿಸಿಕೊಳ್ಳಿ

ಸರಾಸರಿ ದಿನಗೂಲಿಯ ಅರ್ಧ, ಹೆಚ್ಚೆಂದರೆ 90 ದಿನ, ಅದೂ ಜೀವಮಾನದಲ್ಲಿ ಒಮ್ಮೆ. 2020ರ ಮಾರ್ಚ್‌ವರೆಗೆ ಇದು ಕಾಲು ಭಾಗವಿತ್ತು, ಕೋವಿಡ್ ಬಂದು ಅರ್ಧವಾಯಿತು. ಸರಾಸರಿ ತೆಗೆಯುವುದು ಹಿಂದಿನ ನಾಲ್ಕು ಅವಧಿಗಳ ಒಟ್ಟು ಸಂಬಳವನ್ನು 730ರಿಂದ ಭಾಗಿಸಿ. 18,000ದಂತೆ ಎರಡು ವರ್ಷ ಬಿಡದೆ ದುಡಿದಿದ್ದರೆ ದಿನಕ್ಕೆ ಸುಮಾರು 592 ಆಯಿತು, ಅರ್ಧ 296, ಒಟ್ಟು 26,600ರ ಹತ್ತಿರ. ಅದೇ ಸಂಬಳದಲ್ಲಿ 14 ತಿಂಗಳು ಮಾತ್ರ ದುಡಿದಿದ್ದರೆ? ಭಾಗಿಸುವುದು ಆಗಲೂ 730ರಿಂದಲೇ. ಕೈಗೆ ಬರುವುದು ಸುಮಾರು 15,500. ಖಾಲಿ ಕೂತ ದಿನಗಳೂ ಛೇದದಲ್ಲಿ ಕೂತಿರುತ್ತವೆ. ಗುತ್ತಿಗೆಯವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೂ ಎರಡು ತಿಂಗಳ ಬಾಡಿಗೆ, ಗ್ಯಾಸು, ಮಕ್ಕಳ ವ್ಯಾನ್ ಫೀಸು ಕಳೆಯುತ್ತದೆ.

6. ಮೂವತ್ತೊಂದನೇ ದಿನ ಅರ್ಜಿ

ಕೆಲಸ ಹೋಗಿ 30 ದಿನವಾದ ಮೇಲೆ ಕೇಳಬಹುದು. ಮಾಲೀಕರ ಮೂಲಕ ಹೋಗಬೇಕಿಲ್ಲ, ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಬಿಡುಗಡೆಯ ಕಾಗದ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಅಫಿಡವಿಟ್ ಕೇಳಿದರೆ ಮಾಡಿಸಿ. ಆಧಾರ್‌ನಲ್ಲಿ ‘ಮಂಜುನಾಥ’, ಇಎಸ್‌ಐನಲ್ಲಿ ‘ಮಂಜುನಾಥ್ ಕೆ’ ಎಂದಿದ್ದರೆ ಕೆಲಸದಲ್ಲಿರುವಾಗಲೇ ತಿದ್ದಿಸಿ, ಆಮೇಲೆ ತಿದ್ದಿಸಿಕೊಡುವ ಮಾಲೀಕರೇ ಇರುವುದಿಲ್ಲ. ಈ ಯೋಜನೆ ಅವಧಿಯಿಂದ ಅವಧಿಗೆ ವಿಸ್ತರಣೆಯಾಗುತ್ತಾ ಬಂದದ್ದು. ಈಗ ಚಾಲ್ತಿಯಲ್ಲಿದೆಯೇ ಅಂತ ಶಾಖಾ ಕಚೇರಿಯಲ್ಲಿ ಒಂದು ಮಾತು ಕೇಳಿಕೊಂಡೇ ಹೊರಡಿ.

7. ಏಜೆನ್ಸಿ ಬೋರ್ಡ್ ಕಿತ್ತುಕೊಂಡು ಹೋಗಿದ್ದರೆ

ಗಾಬರಿ ಬೇಡ. ಗುತ್ತಿಗೆ ನೌಕರರ ಇಎಸ್‌ಐ ವಂತಿಗೆಯ ಮೂಲ ಹೊಣೆ ಪ್ರಧಾನ ಮಾಲೀಕರದ್ದು, ಅಂದರೆ ನೀವು ದಿನಾ ಒಳಗೆ ಹೋಗಿ ಬರುತ್ತಿದ್ದ ಕಾರ್ಖಾನೆಯದ್ದು. ಏಜೆನ್ಸಿಯಿಂದ ವಸೂಲಿ ಮಾಡಿಕೊಳ್ಳುವುದು ಅವರ ತಲೆನೋವು. ಸಂಬಳ ಚೀಟಿ, ಗೇಟ್ ಪಾಸ್, ಹಾಜರಿಯ ಫೋಟೊ ಹಿಡಿದು ಶಾಖಾ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ.

8. ಪಿಎಫ್ ಭತ್ಯೆಯಲ್ಲ, ನಿಮ್ಮದೇ ದುಡ್ಡು

ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು, ಪಿಎಫ್‌ಗೆ ಕೊನೆಗೆ ಕೈ ಹಾಕಿ. ಆದರೆ ಏಜೆನ್ಸಿ ನಿಮ್ಮ ನಿರ್ಗಮನ ದಿನಾಂಕ ತುಂಬಿದೆಯೇ ನೋಡಿ. ತುಂಬದಿದ್ದರೆ ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಯುಎಎನ್ ಪೋರ್ಟಲ್‌ನಲ್ಲಿ, ಆಧಾರ್ ಮೊಬೈಲಿಗೆ ಬರುವ ಒಟಿಪಿಯಿಂದ, ನೀವೇ ತುಂಬಬಹುದು.

9. ಇಎಸ್‌ಐ ಕಾರ್ಡ್ ಬೀರುವಿಗೆ ಸೇರಿಸಬೇಡಿ

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ ವಂತಿಗೆಯ ಫಲ ಸಿಗುವುದು ಜುಲೈನಿಂದ ಡಿಸೆಂಬರ್‌ವರೆಗೆ. ಹಾಗಾಗಿ ಮಾರ್ಚ್ ಕೊನೆಗೆ ಕೆಲಸ ಹೋದರೂ, ಆ ಅವಧಿಯಲ್ಲಿ ಸಾಕಷ್ಟು ದಿನದ ವಂತಿಗೆ ಬಿದ್ದಿದ್ದರೆ, ಆಗಸ್ಟ್‌ನಲ್ಲಿ ಅಮ್ಮನಿಗೆ ಜ್ವರ ಬಂದಾಗ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ನಿಮಗೂ ಜಾಗವಿದೆ. ಕೌಂಟರ್‌ನಲ್ಲಿ ‘ಕೆಲಸ ಬಿಟ್ಟಿದೀರಲ್ಲ’ ಅಂದರೆ, ‘ಅವಧಿ ನೋಡಿ ಮೇಡಂ’ ಅನ್ನಿ.