ಬೆಂಕಿಗಿಂತ ಹೊಗೆಯೇ ಹೆಚ್ಚು ಅಪಾಯ

ಮನೆಗೆ ಬೆಂಕಿ ಬಿದ್ದಾಗ ಅನೇಕರು ಸಾಯುವುದು ಸುಟ್ಟಗಾಯಗಳಿಂದಲ್ಲ, ಹೊಗೆ ಸೇವನೆಯಿಂದ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತ ಆಮ್ಲಜನಕವನ್ನು ಒಯ್ಯದಂತೆ ತಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು.

2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್ ವಸತಿ ಕಟ್ಟಡದಲ್ಲಿ ಒಂದು ಅಡುಗೆಮನೆಯಿಂದ ಹಬ್ಬಿದ ಬೆಂಕಿಗೆ 72 ಜನ ಬಲಿಯಾದರು. ಅಲ್ಲಿ ಇದ್ದುದು ಒಂದೇ ಮೆಟ್ಟಿಲದಾರಿ. ಮನೆಗಳಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ.

ಹಳೆಯ ಕಟ್ಟಡಕ್ಕೆ ಇನ್ನೊಂದು ಮೆಟ್ಟಿಲು ಸೇರಿಸುವುದು ಕಷ್ಟ. ಅಂಥ ಕೊರತೆಯನ್ನು ಸ್ಪ್ರಿಂಕ್ಲರ್ ಸ್ವಲ್ಪಮಟ್ಟಿಗೆ ತುಂಬುತ್ತದೆ. ಅದರ ಬಾಯಲ್ಲಿರುವ ಪುಟ್ಟ ಗಾಜಿನ ಬುರುಡೆ ಸಾಮಾನ್ಯವಾಗಿ 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆದು, ಬಿಸಿ ತಗಲಿದ ಜಾಗದಲ್ಲಿ ಮಾತ್ರ ನೀರು ಸುರಿಯುತ್ತದೆ. ಒಗ್ಗರಣೆಯ ಹೊಗೆಗೆ ಅದು ತೆರೆದುಕೊಳ್ಳುವುದಿಲ್ಲ. ಬೆಂಕಿ ಚಿಕ್ಕದಿರುವಾಗಲೇ ಹತೋಟಿಗೆ ಬರುವುದರಿಂದ ಹೊಗೆ ಕಡಿಮೆಯಾಗಿ, ವೃದ್ಧರೂ ಮಕ್ಕಳೂ ಹೊರಬರಲು ಸಮಯ ಸಿಗುತ್ತದೆ.

ಆದರೆ ಗ್ರೆನ್‌ಫೆಲ್‌ನಲ್ಲಿ ಆದಂತೆ ಹೊರಗೋಡೆಯ ಹೊದಿಕೆಗೆ ಹತ್ತಿದ ಬೆಂಕಿಯನ್ನು ಮನೆಯೊಳಗಿನ ಸ್ಪ್ರಿಂಕ್ಲರ್ ಆರಿಸಲಾರದು. ಟ್ಯಾಂಕಿನಲ್ಲಿ ನೀರಿಲ್ಲದಿದ್ದರೆ, ಪಂಪು ಕೆಟ್ಟಿದ್ದರೆ ಅದರಿಂದ ಪ್ರಯೋಜನವೂ ಇಲ್ಲ. ಮಲಗಿದವರನ್ನು ಎಬ್ಬಿಸಲು ಹೊಗೆ ಸೂಚಿಸುವ ಅಲಾರಂ ಬೇರೆಯಾಗಿಯೇ ಬೇಕು.

ನಿಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಸೈಕಲ್ಲು, ಹಳೆಯ ಸಾಮಾನು ಇಡಬೇಡಿ. ಬೆಂಕಿ ಬಿದ್ದರೆ ಲಿಫ್ಟ್ ಬಳಸದೆ, ಹೊಗೆ ಇದ್ದಲ್ಲಿ ನೆಲಕ್ಕೆ ಬಾಗಿ ಹೊರಬಂದು 101ಕ್ಕೆ ಕರೆ ಮಾಡಿ.