ಬಿ.ಪಿ. ಎಷ್ಟೈತ್ರಿ?

ನೂರರ ಮೇಲಿನ ಅಂಕಿ ಓದುವುದನ್ನು ನೀವು ಕಲಿತಿದ್ದೀರಿ. ಸಂತೆಯ ಲೆಕ್ಕವನ್ನೂ ಬರೆದಿದ್ದೀರಿ. ಅದೇ ಅಂಕಿಯಿಂದ ಇಂದು ಇನ್ನೊಂದು ಕೆಲಸ ಮಾಡೋಣ. ನಮ್ಮ ಮೈಯ ಲೆಕ್ಕ ಓದೋಣ.

ಮೊದಲು ಈ ಮಾತುಕತೆಯನ್ನು ಗಟ್ಟಿಯಾಗಿ ಓದಿರಿ. ಅಪ್ಪ ದವಾಖಾನೆಯಿಂದ ಮನೆಗೆ ಬಂದಿದ್ದಾನೆ. ಮಗಳು ಕೇಳುತ್ತಾಳೆ.

"ಅಪ್ಪಾ, ಬಿ.ಪಿ. ನೋಡಿದ್ರೇನು?"

"ಹೂಂ, ನೋಡಿದ್ರು."

"ಎಷ್ಟೈತಂತ?"

"ಸ್ವಲ್ಪ ಜಾಸ್ತಿ ಐತಿ ಅಂದ್ರು."

"ಸ್ವಲ್ಪ ಅಂದ್ರ ಎಷ್ಟು?"

"ಸ್ವಲ್ಪ ಅಂದ್ರ ಸ್ವಲ್ಪವ್ವಾ!"

"ಜ್ವಾಳಾ ಮಾರೂ ಮುಂದ ಯಾಪಾರಿ 'ಸ್ವಲ್ಪ ರೊಕ್ಕ ಕೊಡ್ತೀನಿ' ಅಂದ್ರ ಸುಮ್ನ ಬರ್ತೀಯೇನು? ಎಷ್ಟು ಅಂತ ಕೇಳಿ, ಎಣಿಸಿ ತರ್ತಿ. ಇಲ್ಲ್ಯಾಕ ಕೇಳ್ಲಿಲ್ಲ?"

ಮಗಳ ಮಾತು ಸರಿ ಅಲ್ಲವೇ? ಜತ್ತ, ಅಕ್ಕಲಕೋಟ ಕಡೆಯ ನಮ್ಮ ಜನ ದವಾಖಾನೆಯಲ್ಲಿ ಮಾತಾಡಲು ಹಿಂಜರಿಯುತ್ತಾರೆ. ಅಲ್ಲಿ ಮರಾಠಿ ನಡೆಯುತ್ತದೆ, ನಮ್ಮದು ಕನ್ನಡ, ಹೇಗೆ ಕೇಳುವುದು ಎಂಬ ಅಳುಕು. ಆದರೆ ಬಿ.ಪಿ. ಯಂತ್ರಕ್ಕೆ ಮರಾಠಿಯೂ ಇಲ್ಲ, ಕನ್ನಡವೂ ಇಲ್ಲ. ಅದರ ಮೇಲೆ ಬರುವುದು ಮೊಬೈಲ್ ಮೇಲೆ, ನೋಟಿನ ಮೇಲೆ ಇರುವ ಅಂಕಿಗಳೇ. ಅವನ್ನು ನೀವು ಓದಬಲ್ಲಿರಿ. ಪುಸ್ತಕದಲ್ಲಿ ೧೨೦ ಎಂದು ಕಲಿತದ್ದು ಯಂತ್ರದಲ್ಲಿ 120 ಎಂದು ಕಾಣುತ್ತದೆ, ಅಷ್ಟೇ.

ಎರಡು ಅಂಕಿ ಯಾಕೆ?

ಬಿ.ಪಿ. ಎಂದರೆ ರಕ್ತದ ಒತ್ತಡ. ಬಾವಿಯ ಮೋಟಾರು ಪೈಪಿನಲ್ಲಿ ನೀರು ದೂಡುತ್ತದೆ. ಹಾಗೆಯೇ ಗುಂಡಿಗೆ ನರಗಳಲ್ಲಿ ರಕ್ತ ದೂಡುತ್ತದೆ. ಗುಂಡಿಗೆ ಒತ್ತಿ ದೂಡಿದಾಗ ಇರುವ ಒತ್ತಡ ಮೇಲಿನ ಅಂಕಿ. ಎರಡು ಬಡಿತದ ನಡುವೆ ಗುಂಡಿಗೆ ಸಡಿಲಾದಾಗ ಇರುವುದು ಕೆಳಗಿನ ಅಂಕಿ. ಚೀಟಿಯಲ್ಲಿ ನಡುವೆ ಒಂದು ಓರೆ ಗೆರೆ ಹಾಕಿ 120/80 ಎಂದು ಬರೆಯುತ್ತಾರೆ. "ನೂರಾ ಇಪ್ಪತ್ತು, ಎಂಬತ್ತು" ಎಂದು ಓದಬೇಕು.

ದೊಡ್ಡವರಲ್ಲಿ 120/80 ರ ಒಳಗೆ ಇದ್ದರೆ ಚಲೋ. ಬೇರೆ ಬೇರೆ ದಿನ ನೋಡಿದಾಗಲೂ ಮೇಲಿನದು 140 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನದು 90 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಅದು ಬಿ.ಪಿ. ರೋಗ. ಎರಡರಲ್ಲಿ ಒಂದು ಹೆಚ್ಚಿದ್ದರೂ ಲೆಕ್ಕಕ್ಕೆ ಬರುತ್ತದೆ. ನಡುವೆ ಇದ್ದವರು ಆಗಾಗ ನೋಡಿಸುತ್ತಿರಬೇಕು. ಒಮ್ಮೆ ಹೆಚ್ಚು ಬಂತೆಂದು ಗಾಬರಿ ಬೇಡ. ಓಡಿ ಬಂದಿರಬಹುದು, ಯಾರೊಂದಿಗೋ ಜಗಳಾಡಿ ಬಂದಿರಬಹುದು. ಚಹಾ ಕುಡಿದು, ತಂಬಾಕು ಹಾಕಿಕೊಂಡು ಕುಳಿತರೂ ಅಂಕಿ ಏರುತ್ತದೆ. ಅದಕ್ಕೇ ನೋಡಿಸುವ ಮೊದಲಿನ ಅರ್ಧ ತಾಸು ಇವೆರಡೂ ಬೇಡ. ಒಂದಕ್ಕೆ ಹೋಗಿ ಬನ್ನಿರಿ. ಬೆನ್ನು ಆನಿಸಿ ಐದು ಮಿನಿಟು ಮಾತಿಲ್ಲದೆ ಕುಳಿತುಕೊಳ್ಳಿರಿ. ತೋಳನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇಡಿರಿ. ನಮ್ಮಲ್ಲಿ ಎಲ್ಲಕ್ಕಿಂತ ಕಷ್ಟದ್ದು ಆ ಐದು ಮಿನಿಟು ಮಾತಾಡದೆ ಕೂಡುವುದು!

"ನನಗೇನೂ ಆಗಿಲ್ರೀ"

ಬಿ.ಪಿ. ಹೆಚ್ಚಿದ್ದರೂ ಬಹಳ ಮಂದಿಗೆ ಏನೂ ಗೊತ್ತಾಗುವುದಿಲ್ಲ. ತಲೆ ನೋಯುವುದಿಲ್ಲ, ಕಣ್ಣು ಮಂಜಾಗುವುದಿಲ್ಲ. ಹೊಲದ ಕೆಲಸ ನಡೆದೇ ಇರುತ್ತದೆ. "ನಾ ಗಟ್ಟಿ ಅದೀನಿ, ನನಗ್ಯಾಕ ದವಾಖಾನಿ" ಎಂದು ನಾವು ಅನ್ನುತ್ತೇವೆ. ದಾಳಿಂಬೆ ತೋಟದ ಪೈಪು ನೋಡಿರಿ. ಒತ್ತಡ ಹೆಚ್ಚಾದ ದಿನವೇ ಅದು ಒಡೆಯುವುದಿಲ್ಲ. ತಿಂಗಳುಗಟ್ಟಲೆ ತಡೆದು, ಒಂದು ದಿನ ಬಿಚ್ಚಿಕೊಳ್ಳುತ್ತದೆ. ಮೈಯಲ್ಲಿ ಹಾಗಾದರೆ ಮೆದುಳಿಗೆ ಲಕ್ವಾ ಹೊಡೆಯುತ್ತದೆ, ಗುಂಡಿಗೆ ಸೋಲುತ್ತದೆ, ಮೂತ್ರಪಿಂಡ ಕೆಡುತ್ತದೆ.

ಆದ್ದರಿಂದ 30 ವರ್ಷ ದಾಟಿದ ಪ್ರತಿಯೊಬ್ಬರೂ, ಗಟ್ಟಿ ಇದ್ದವರೂ, ವರ್ಷಕ್ಕೊಮ್ಮೆಯಾದರೂ ಬಿ.ಪಿ. ನೋಡಿಸಬೇಕು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ನೋಡುವುದಕ್ಕೆ ದುಡ್ಡಿಲ್ಲ, ಗುಳಿಗೆಗೂ ದುಡ್ಡಿಲ್ಲ. ನಿಮ್ಮ ಊರಿನ ಆಶಾ ತಾಯಿಯನ್ನು ಕೇಳಿದರೆ ಯಾವ ದಿನ ಬರಬೇಕೆಂದು ಹೇಳುತ್ತಾರೆ.

ಗುಳಿಗೆ ಬಿಡುವುದು ಯಾವಾಗ?

ಈ ಪಾಠದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ಡಾಕ್ಟರು ಗುಳಿಗೆ ಕೊಟ್ಟರು. ಒಂದು ತಿಂಗಳಾದ ಮೇಲೆ 130/80 ಬಂತು. "ಕಡಿಮಿ ಆತು, ಇನ್ನ ಗುಳಿಗಿ ಯಾಕ" ಎಂದು ಬಿಟ್ಟುಬಿಟ್ಟಿರಿ. ಬಿ.ಪಿ. ಮತ್ತೆ ಏರಿತು, ನಿಮಗೆ ಗೊತ್ತೂ ಆಗಲಿಲ್ಲ. ಅಂಕಿ ಇಳಿದದ್ದು ಗುಳಿಗೆಯಿಂದ. ರೋಗ ಹೋಗಿದೆ ಎಂದಲ್ಲ. ದಿನಾ ಒಂದೇ ಹೊತ್ತಿಗೆ ಗುಳಿಗೆ ತೆಗೆದುಕೊಳ್ಳಿರಿ. ಕಾಲು ಬಾತರೆ, ತಲೆ ತಿರುಗಿದರೆ ಡಾಕ್ಟರಿಗೆ ಹೇಳಿರಿ. ಅವರು ಗುಳಿಗೆ ಬದಲಿಸುತ್ತಾರೆ. ನಿಮ್ಮಷ್ಟಕ್ಕೆ ನೀವೇ ಬಿಡಬೇಡಿರಿ.

ಗುಳಿಗೆಯ ಹಾಳೆಯ ಮೇಲೂ ಅಂಕಿ ಇರುತ್ತದೆ. 5 ಬರೆದದ್ದು ಬೇರೆ, 10 ಬರೆದದ್ದು ಬೇರೆ. ಚೀಟಿಯ ಅಂಕಿಯೂ ಹಾಳೆಯ ಅಂಕಿಯೂ ಒಂದೇ ಇದೆಯೇ, ನೋಡಿರಿ. ನೆರೆಮನೆಯ ಅತ್ತೆಯ ಗುಳಿಗೆ ಅತ್ತೆಗೇ ಇರಲಿ.

ಕಬ್ಬು ಕಡಿಯುವ ಟೋಳಿಯಲ್ಲಿ ಹೋಗುವವರಿಗೆ ಒಂದು ಮಾತು. ದೀಪಾವಳಿಯ ಹೊತ್ತಿಗೆ ಊರು ಬಿಟ್ಟರೆ ತಿರುಗಿ ಬರುವುದಕ್ಕೆ ನಾಲ್ಕೈದು ತಿಂಗಳು. ಗುಳಿಗೆ ತಪ್ಪುವುದು ಆಗಲೇ. ಹೊರಡುವ ಮೊದಲು ಆರೋಗ್ಯ ಕೇಂದ್ರಕ್ಕೆ ಹೋಗಿ, "ಕಡಿಯಾಕ ಹೊಂಟೀವ್ರಿ, ಹೆಚ್ಚಿನ ದಿನದ್ದು ಗುಳಿಗಿ ಕೊಡ್ರಿ" ಎಂದು ಕೇಳಿರಿ. ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಜೊತೆಗೆ ಒಯ್ಯಿರಿ. ಕಾರ್ಖಾನೆ ಸಮೀಪದ ಸರಕಾರಿ ದವಾಖಾನೆಯಲ್ಲಿ ಆ ಚೀಟಿ ತೋರಿಸಬಹುದು. ಪಂಢರಪುರದ ವಾರಿಗೆ ನಡೆಯುವವರೂ, ವಿಜಯಪುರ, ಕಲಬುರಗಿಯ ಬೀಗರ ಮನೆಗೆ ಹೋಗುವವರೂ ಹೀಗೆಯೇ ಮಾಡಬೇಕು.

ಮೈಕೈ ನೋವೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗುವ ರೂಢಿ ಬಹಳ ಇದೆ. ಅವುಗಳಲ್ಲಿ ಕೆಲವು ಬಿ.ಪಿ. ಏರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು. ಡಾಕ್ಟರನ್ನು ಕೇಳದೆ ಬೇಡ.

ಉಪ್ಪು ಮತ್ತು ಮಿಶ್ರಿ

ಒಬ್ಬರಿಗೆ ದಿನಕ್ಕೆ 5 ಗ್ರಾಮಿನ ಒಳಗೆ ಉಪ್ಪು ಸಾಕು. ಅಂದರೆ ಒಂದು ಚಹಾ ಚಮಚೆ. ಪಲ್ಯ, ಸಾರು, ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಚಿವಡಾ ಎಲ್ಲ ಸೇರಿ ಒಂದು ಚಮಚೆ! ನಮ್ಮ ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ, ಅದು ನಮ್ಮ ಪುಣ್ಯ. ರೊಟ್ಟಿಯ ಬದಿಗೆ ಬರುವುದರಲ್ಲಿ ಕಡಿಮೆ ಮಾಡಬೇಕು. ಮನೆಮಂದಿಗೆಲ್ಲ ಒಂದು ಪಲ್ಯ, ಬಿ.ಪಿ. ಇದ್ದವರಿಗೆ ಸಪ್ಪೆ ಪಲ್ಯ ಎಂದು ಎರಡು ಮಾಡಬೇಕಾಗಿಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಇಳಿಸುತ್ತ ಬಂದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಉಪವಾಸದ ಸೈಂಧವ ಉಪ್ಪು ತಿಂದರೆ ನಡೆಯುತ್ತದೆ ಎನ್ನುವವರಿದ್ದಾರೆ. ಅದೂ ಉಪ್ಪೇ.

ಬೀಡಿ, ಮಾವಾ, ತಂಬಾಕು ಗುಂಡಿಗೆಗೆ ಕೆಟ್ಟವು ಎಂದು ಎಲ್ಲರೂ ಕೇಳಿದ್ದೀರಿ. ಆದರೆ ಹಲ್ಲಿಗೆ ತಿಕ್ಕುವ ಮಿಶ್ರಿ? ಅದು ಹುರಿದ ತಂಬಾಕೇ. ಅವ್ವಂದಿರೇ, ಅಕ್ಕಂದಿರೇ, ಇದನ್ನು ನಿಮಗಾಗಿಯೇ ಬರೆದಿದ್ದೇವೆ.

ತಡ ಮಾಡಬಾರದ ಹೊತ್ತು

ಮುಖ ಒಂದು ಕಡೆ ಸೊಟ್ಟಾದರೆ, ಒಂದು ಕೈ ಎತ್ತಲು ಬರದಿದ್ದರೆ, ಮಾತು ತೊದಲಿದರೆ ಅದು ಲಕ್ವಾ. ಎಣ್ಣೆ ತಿಕ್ಕುತ್ತ, ದಾರ ಕಟ್ಟಿಸುತ್ತ ಕೂಡಬೇಡಿರಿ. ಕೂಡಲೇ 108ಕ್ಕೆ ಫೋನು ಮಾಡಿರಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪು ಕರಗಿಸುವ ಸೂಜಿ ಇದೆ. ಅದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಲಕ್ವಾ ಎಷ್ಟು ಗಂಟೆಗೆ ಹೊಡೆಯಿತು ಎಂದು ಡಾಕ್ಟರು ಕೇಳುತ್ತಾರೆ. ಗಡಿಯಾರ ನೋಡಿ ಬರೆದುಕೊಳ್ಳಿರಿ.

ಬಸುರಿ ಹೆಂಗಸಿಗೆ 140/90 ಬಂದರೆ, ಮುಖ ಕೈ ಬಾತರೆ, ತಲೆ ಬಹಳ ನೋಯುತ್ತಿದ್ದರೆ, ಕಣ್ಣು ಮಂಜಾದರೆ ಅದೇ ದಿನ ದವಾಖಾನೆಗೆ ಹೋಗಬೇಕು. ತಾಯಿಗೂ ಕೂಸಿಗೂ ಅಪಾಯ.

ಓದಿರಿ, ಬರೆಯಿರಿ

1. ಈ ನಾಲ್ಕು ಜನರ ಬಿ.ಪಿ. ಗಟ್ಟಿಯಾಗಿ ಓದಿರಿ: ಅಜ್ಜಿ 184/122, ಅಪ್ಪ 146/92, ಅವ್ವ 128/84, ಅಣ್ಣ 118/76. ಯಾರದು ಚಲೋ ಇದೆ? ಯಾರು ಇನ್ನೊಂದು ದಿನ ನೋಡಿಸಬೇಕು? 180/120 ದಾಟಿದವರನ್ನು ಅದೇ ಹೊತ್ತಿಗೆ ದವಾಖಾನೆಗೆ ಒಯ್ಯಬೇಕು. ಅವರು ಯಾರು?

2. ನಿಮ್ಮ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಮೂರು ಗೆರೆ ಎಳೆದು ನಾಲ್ಕು ಮನೆ ಮಾಡಿರಿ. ತಾರೀಖು, ಹೆಸರು, ಮೇಲಿನ ಅಂಕಿ, ಕೆಳಗಿನ ಅಂಕಿ ಎಂದು ಬರೆಯಿರಿ. ಮನೆಯಲ್ಲಿ 30 ದಾಟಿದ ಎಲ್ಲರ ಹೆಸರು ಹಾಕಿರಿ. ಅಂಕಿಯ ಜಾಗ ಖಾಲಿ ಬಿಡಿರಿ. ಮುಂದಿನ ಪಾಠಕ್ಕೆ ಬರುವಾಗ ಒಂದು ಹೆಸರಿನ ಮುಂದಾದರೂ ಅಂಕಿ ತುಂಬಿಕೊಂಡು ಬನ್ನಿರಿ.